ಎಳೆಯ ಮಗುವಿನ ಅಂಗಳಕ್ಕೆ ಮರಳು–ನೀರಿನ ಆಟದ ಸಾಧನಗಳು

ನಡೆಯಲು ಕಲಿತ ಕೂಸು ಬೆಲೆಬಾಳುವ ಆಟಿಕೆಗಳನ್ನು ಬದಿಗೊತ್ತಿ, ಬಚ್ಚಲಿನ ತಂಬಿಗೆಯತ್ತಲೋ ಹೂಕುಂಡದ ಮಣ್ಣಿನತ್ತಲೋ ಹೆಜ್ಜೆಹಾಕುವುದನ್ನು ಕಾಣದ ಮನೆಯಿಲ್ಲ. ತಾಯಿ ಅದನ್ನು ಎತ್ತಿ ತಂದು ಕೈಕಾಲು ತೊಳೆದು ಕೂರಿಸಿದರೆ, ಆಕೆ ತಿರುಗಿ ನೋಡುವಷ್ಟರಲ್ಲಿ ಅದು ಮತ್ತೆ ಅಲ್ಲಿಗೇ ಹಾಜರು. ಇದನ್ನು ತುಂಟತನವೆಂದು ಗದರಿಸುವವರೇ ಹೆಚ್ಚು. ಆದರೆ ಒಂದರಿಂದ ಮೂರು ವರ್ಷದ ಮಗುವಿಗೆ ಮರಳು ಮತ್ತು ನೀರು ಕಲಿಸುವಷ್ಟು ಪಾಠವನ್ನು ಬೇರಾವ ಆಟಿಕೆಯೂ ಕಲಿಸಲಾರದು. ತುಂಬಿದರೆ ಭಾರವಾಗುತ್ತದೆ, ಓರೆ ಮಾಡಿದರೆ ಸುರಿಯುತ್ತದೆ, ಒದ್ದೆಯಾದರೆ ಅಂಟುತ್ತದೆ, ಒಣಗಿದರೆ ಬೆರಳ ಸಂದಿಯಲ್ಲಿ ಜಾರಿಹೋಗುತ್ತದೆ ಎಂಬ ಲೋಕಜ್ಞಾನವನ್ನು ಮಾತು ಕೂಡುವುದಕ್ಕೆ ಮುಂಚೆಯೇ ಮಗು ತನ್ನ ಬೆರಳುಗಳಿಂದ ಅರಿಯುತ್ತದೆ.

ಈ ಆಟಕ್ಕೆಂದು ಅಂಗಳದಲ್ಲಿ ಒಂದು ಮೂಲೆಯನ್ನು ಮಾಡಿಕೊಡಬೇಕೆಂದು ಬಯಸುವ ತರುಣ ದಂಪತಿಗಳು ನಮ್ಮ ನಡುವೆ ಇದ್ದಾರೆ. ಅಂಗಡಿಗೆ ಹೋದರೆ ಬಣ್ಣಬಣ್ಣದ ಬಕೆಟ್ಟು, ಸಲಿಕೆ, ಅಚ್ಚು, ಚಕ್ರ, ಮೇಜುಗಳ ರಾಶಿಯನ್ನೇ ಮುಂದಿಡುತ್ತಾರೆ. ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ? ನಮ್ಮ ಅಭಿಪ್ರಾಯದಲ್ಲಿ ಕೊಳ್ಳಬೇಕಾದುದು ಅತ್ಯಲ್ಪ, ಯೋಚಿಸಿ ಆರಿಸಬೇಕಾದುದು ಬಹಳ. ಆಟಿಕೆಯ ಮಾತಿಗೆ ಬರುವ ಮುನ್ನ ಮರಳು ಎಂಥದು, ನೀರು ಎಷ್ಟು, ಸ್ಥಳ ಯಾವುದು, ಮಗುವಿನ ಪಕ್ಕದಲ್ಲಿ ಕೂರುವವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಮನೆಯವರು ಉತ್ತರ ಕಂಡುಕೊಂಡಿರಬೇಕು.

ಹಿಂದಿನ ಅಂಗಳ, ಇಂದಿನ ಇಕ್ಕಟ್ಟು

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಪ್ಲೇಗು ಊರನ್ನು ಕಾಡಿದ ಮೇಲೆ, ಇಕ್ಕಟ್ಟಾದ ಪೇಟೆಯಿಂದ ಹೊರಬಂದ ಜನರು ಬಸವನಗುಡಿ ಮತ್ತು ಮಲ್ಲೇಶ್ವರಗಳಲ್ಲಿ ನೆಲೆಸಿದರು. ಗಾಳಿ, ಬೆಳಕು, ಬಯಲು ಆರೋಗ್ಯಕ್ಕೆ ಅವಶ್ಯವೆಂಬ ತಿಳಿವಳಿಕೆಯಿಂದಲೇ ಹುಟ್ಟಿದ ಬಡಾವಣೆಗಳಿವು. ಮನೆಯ ಮುಂದೆ ಅಂಗಳ, ಹಿಂದೆ ಹಿತ್ತಲು, ನಡುವೆ ಹೆಂಚಿನ ಮನೆ; ಅಲ್ಲಿ ಮಗುವಿನ ಮಣ್ಣಾಟಕ್ಕೆ ಪ್ರತ್ಯೇಕ ಏರ್ಪಾಡು ಬೇಕಾಗಿರಲಿಲ್ಲ. ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಅವರ ಬಾಗಿಲ ಮುಂದಿನ ಹೊಳೆಮರಳಿನ ಗುಡ್ಡೆ ಸುತ್ತಲಿನ ಮಕ್ಕಳಿಗೆಲ್ಲ ಸೇರಿದ್ದು. ಪಾದದ ಮೇಲೆ ಒದ್ದೆ ಮರಳನ್ನು ತಟ್ಟಿ, ಮೆಲ್ಲನೆ ಕಾಲೆಳೆದುಕೊಂಡು ಗುಬ್ಬಿಗೂಡು ಕಟ್ಟಿದ ನೆನಪು, ಆ ಗುಡ್ಡೆಯಲ್ಲಿ ಕಪ್ಪೆಚಿಪ್ಪು ಹುಡುಕಿ ಜೇಬು ತುಂಬಿಕೊಂಡ ನೆನಪು ನಮ್ಮ ಹಿರಿಯರಲ್ಲಿ ಇನ್ನೂ ಹಸಿಯಾಗಿದೆ.

ಮರಳು ಆಟಕ್ಕೆ ಮಾತ್ರವಲ್ಲ, ವಿದ್ಯೆಗೂ ಒದಗಿತ್ತು. ಅಯ್ಯಗಳು ನಡೆಸುತ್ತಿದ್ದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿಯೇ ಮೊದಲ ಅಕ್ಷರಗಳನ್ನು ತಿದ್ದುತ್ತಿದ್ದರು. ತಪ್ಪಿದರೆ ಅಂಗೈಯಿಂದ ಸವರಿದರಾಯಿತು. ಮತ್ತೆ ಹೊಸ ಹಲಗೆ ಸಿದ್ಧ.

ಹೊರದೇಶಗಳಲ್ಲಿಯೂ ಮಕ್ಕಳ ಉದ್ಯಾನದ ಚರಿತ್ರೆ ಮರಳಿನಿಂದಲೇ ಆರಂಭವಾದುದು ಗಮನಾರ್ಹ. ಬರ್ಲಿನ್ ನಗರದಲ್ಲಿ ಮಕ್ಕಳಿಗಾಗಿ ಸುರಿದಿದ್ದ ಮರಳಿನ ರಾಶಿಗಳನ್ನು ಕಂಡ ವೈದ್ಯೆಯೊಬ್ಬರು ಆ ಸಂಗತಿಯನ್ನು ಅಮೆರಿಕದ ಬಾಸ್ಟನ್ನಿನವರಿಗೆ ಬರೆದು ತಿಳಿಸಿದರು. 1885ರಲ್ಲಿ ಅಲ್ಲಿನ ಒಂದು ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಬಡ ಮಕ್ಕಳಿಗೆಂದು ಮರಳು ಹಾಕಿಸಿದರು. ಆ ದೇಶದ ಸಾರ್ವಜನಿಕ ಆಟದ ಬಯಲುಗಳಿಗೆ ಅದೇ ನಾಂದಿಯಾಯಿತು. ನಮ್ಮ ಊರಿನಲ್ಲಿಯೂ ಮಕ್ಕಳ ಆಟಪಾಠಗಳಿಗೆ ಪ್ರತ್ಯೇಕ ಸ್ಥಳ ಬೇಕೆಂದು ಕಂಡವರಿದ್ದರು. 'ಸರಸ್ವತಿ' ಮಾಸಪತ್ರಿಕೆಯನ್ನು ನಡೆಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಚಾಮರಾಜಪೇಟೆಯ ಆ ವೃತ್ತವನ್ನು ಜನ ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ.

ಈಗ ಹಳೆಯ ಮನೆಗಳಿದ್ದ ನಿವೇಶನಗಳಲ್ಲಿ ಮಹಡಿಯ ಮೇಲೆ ಮಹಡಿ ಎದ್ದಿದೆ. ಅಂಗಳ ವಾಹನಗಳ ಪಾಲಾಗಿದೆ. ಉಳಿದಿರುವುದು ಕಾಂಪೌಂಡಿನ ಒಂದು ಮೂಲೆ, ಇಲ್ಲವೆ ಮಹಡಿಯ ಬಾಲ್ಕನಿ. ಬೀದಿಯಲ್ಲಿನ ಮರಳಿನ ಗುಡ್ಡೆಯೂ ಮೊದಲಿನದಾಗಿ ಉಳಿದಿಲ್ಲ. ಆದುದರಿಂದಲೇ ಹಿಂದೆ ತಾನಾಗಿ ದೊರೆಯುತ್ತಿದ್ದುದನ್ನು ಇಂದು ನಾವು ಅರಿವಿನಿಂದ ಏರ್ಪಡಿಸಿಕೊಳ್ಳಬೇಕಾಗಿದೆ.

ಮರಳು ಎಂಥದಿರಬೇಕು?

ಇಂದು ಬೆಂಗಳೂರಿನ ಕಟ್ಟಡಗಳಿಗೆ ಬಹುಪಾಲು ಬಳಕೆಯಾಗುತ್ತಿರುವುದು ಎಂ-ಸ್ಯಾಂಡ್, ಎಂದರೆ ಕಲ್ಲನ್ನು ಯಂತ್ರದಲ್ಲಿ ಒಡೆದು ಮಾಡಿದ ಮರಳು. ಕಟ್ಟಡಕ್ಕೆ ಅದು ಯೋಗ್ಯವಾದರೂ ಮಗುವಿನ ಆಟಕ್ಕೆ ತಕ್ಕದ್ದಲ್ಲ. ನದಿಯಲ್ಲಿ ಉರುಳಿ ಬಂದ ಮರಳಿನ ಕಣ ದುಂಡಾಗಿರುತ್ತದೆ. ಒಡೆದ ಕಲ್ಲಿನ ಕಣಕ್ಕೆ ಚೂಪಾದ ಅಂಚು. ಅದರ ಜೊತೆಗೆ ಒಡೆದ ಮರಳಿನಲ್ಲಿ ನುಣ್ಣನೆಯ ಕಲ್ಲುಪುಡಿ ನೂರಕ್ಕೆ ಹದಿನೈದರವರೆಗೂ ಇರಲು ಭಾರತೀಯ ಮಾನಕವೇ ಅವಕಾಶ ಕೊಟ್ಟಿದೆ. ಮಗು ಮುಷ್ಟಿಯೆತ್ತಿ ಸುರಿದಾಗಲೆಲ್ಲ ಆ ಪುಡಿ ಕಣ್ಣು, ಮೂಗುಗಳಿಗೆ ಹೋಗುತ್ತದೆ. ಕಲ್ಲಿನ ಧೂಳು ಪುಪ್ಪುಸಗಳಿಗೆ ಒಳ್ಳೆಯದಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ.

ಆದುದರಿಂದ ತೊಳೆದ, ದುಂಡುಕಣದ ಹೊಳೆಮರಳನ್ನೇ ಹುಡುಕಬೇಕು. ಅದನ್ನು ಪರೀಕ್ಷಿಸುವ ಸುಲಭ ವಿಧಾನವೊಂದಿದೆ. ಪಾರದರ್ಶಕ ಸೀಸೆಯೊಂದರಲ್ಲಿ ಮೂರನೆಯ ಒಂದು ಭಾಗ ಮರಳು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಬೇಕು. ಕೆಲವು ಗಂಟೆಗಳ ಅನಂತರ ಮರಳು ತಳದಲ್ಲಿ ನಿಂತು, ಅದರ ಮೇಲೆ ಮಣ್ಣು–ಪುಡಿಯ ಪದರ ಕಾಣುತ್ತದೆ. ಆ ಪದರ ದಪ್ಪವಾಗಿದ್ದರೆ ಮರಳನ್ನು ಇನ್ನೆರಡು ಸಲ ತೊಳೆಯಬೇಕು, ಇಲ್ಲವೆ ಬೇರೆ ಮರಳನ್ನು ನೋಡಬೇಕು. ಬಳಿಕ ಗೋಧಿ ಜರಡಿಯಂಥ ಜರಡಿಯಲ್ಲಿ ಹಿಡಿದರೆ ಕಲ್ಲು, ಮೊಳೆ, ಗಾಜಿನ ಚೂರು ಬೇರೆಯಾಗುತ್ತವೆ. ಕಟ್ಟಡ ಮುಗಿದ ಮನೆಯಲ್ಲಿ ಮಿಕ್ಕ ಮರಳು ಸಿಕ್ಕಿದರೂ ಅದರಲ್ಲಿ ಸಿಮೆಂಟು ಬೆರೆತಿರಬಹುದು; ಸಿಮೆಂಟು ಒದ್ದೆಯಾದರೆ ಎಳೆಯ ಚರ್ಮವನ್ನು ಸುಡುತ್ತದೆ. ಬಣ್ಣ ಹಾಕಿದ ಮರಳನ್ನು ಮಗುವಿನ ಬಾಯಿಗೆ ದೂರವಿಡುವುದೇ ಕ್ಷೇಮ.

ಹೊಳೆಮರಳನ್ನು ಮಿತಿಮೀರಿ ತೆಗೆದು ನಮ್ಮ ನದಿಗಳ ಒಡಲು ಬರಿದಾಗಿರುವ ಸಂಗತಿಯನ್ನೂ ಮರೆಯಬಾರದು. ಮಗುವಿನ ಆಟಕ್ಕೆ ಲಾರಿ ಮರಳು ಬೇಕಿಲ್ಲ. ಬೇಕಾದಷ್ಟನ್ನೇ ತಂದು, ಮುಚ್ಚಿಟ್ಟು, ವರ್ಷಗಟ್ಟಲೆ ಬಳಸಿದರೆ ಅದೇ ಸರಿಯಾದ ಮಾರ್ಗ.

ಪೆಟ್ಟಿಗೆ ಎಷ್ಟು, ಎಲ್ಲಿ?

ಒಂದು ಮಗುವಿಗೆ ಮೂರಡಿ ಉದ್ದ, ಮೂರಡಿ ಅಗಲ, ಎಂಟು ಅಂಗುಲ ಆಳದ ಪೆಟ್ಟಿಗೆ ಸಾಕು. ಅದಕ್ಕೆ ಹಿಡಿಯುವುದು ಆರು ಘನ ಅಡಿ ಮರಳು, ಎಂದರೆ ಸಿಮೆಂಟಿನ ಖಾಲಿ ಚೀಲಗಳಲ್ಲಿ ಸುಮಾರು ಐದು ಚೀಲ. ತೂಕ ಕಾಲು ಟನ್ನಿಗಿಂತ ತುಸು ಹೆಚ್ಚಾಗುತ್ತದೆ. ಆದುದರಿಂದ ಇದನ್ನು ನೆಲದ ಮೇಲೆ ಮಾತ್ರ ಇಡಬೇಕೇ ಹೊರತು ಹಳೆಯ ತಾರಸಿಯ ಮೇಲಲ್ಲ. ಸುತ್ತಲೂ ಇಟ್ಟಿಗೆ ನಿಲ್ಲಿಸಿದರೂ ಸರಿ, ಹಳೆಯ ಕಲ್ಲು ಚಪ್ಪಡಿಗಳನ್ನು ಓರಣವಾಗಿ ಹೂಳಿದರೂ ಸರಿ; ಅಂಚುಗಳನ್ನು ಉಜ್ಜಿ ನಯಮಾಡಿರಬೇಕು. ತಳಕ್ಕೆ ಕಾಂಕ್ರೀಟು ಹಾಕಿದರೆ ಮಳೆನೀರು ನಿಂತು ಮರಳು ಕೊಳೆತು ನಾರುತ್ತದೆ. ಎರಡು ಅಂಗುಲ ಜಲ್ಲಿ ಹರಡಿ, ಅದರ ಮೇಲೆ ಒರಟು ಬಟ್ಟೆ ಹಾಸಿ, ಅನಂತರ ಮರಳು ತುಂಬಿದರೆ ನೀರು ಇಂಗಿಹೋಗುತ್ತದೆ.

ಬಾಲ್ಕನಿಯಷ್ಟೇ ಇರುವ ಮನೆಯವರು ನಿರಾಶರಾಗಬೇಕಿಲ್ಲ. ಎರಡಡಿ ಅಗಲದ ಅಗಲಬಾಯಿಯ ಟಬ್ಬಿನಲ್ಲಿ ನಾಲ್ಕು ಅಂಗುಲ ಮರಳು ಹಾಕಿದರೆ ಒಂದು ಚೀಲದೊಳಗೇ ಮುಗಿಯುತ್ತದೆ. ಕೆಳಗೆ ಹಳೆಯ ಜಮಖಾನ ಹಾಸಿದರೆ ಚೆಲ್ಲಿದ್ದನ್ನು ಕೊಡವಿ ಮತ್ತೆ ಟಬ್ಬಿಗೆ ಸೇರಿಸಬಹುದು. ಆದರೆ ಟಬ್ಬನ್ನು ಬಾಲ್ಕನಿಯ ಕಂಬಿಯ ಪಕ್ಕದಲ್ಲಿ ಇಡಲೇಬಾರದು. ಅದು ಮಗುವಿಗೆ ಏರುಮೆಟ್ಟಿಲಾಗುತ್ತದೆ.

ಸ್ಥಳವನ್ನು ಆರಿಸುವಾಗ ಅಡುಗೆಮನೆಯ ಕಿಟಕಿಯಿಂದ ಆ ಮೂಲೆ ಕಾಣುವಂತಿರುವುದು ಉತ್ತಮ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಿರಬೇಕು. ತೆಂಗಿನ ಮರದ ಕೆಳಗೆ ಬೇಡ. ಕಾಯಿ, ಗರಿಗಳ ಅಪಾಯವಿದೆ. ಪೂಜೆಗೆಂದು ನಾವು ಭಕ್ತಿಯಿಂದ ಬೆಳೆಸಿದ ಗಿಡಗಳನ್ನೂ ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಕಣಗಿಲೆಯ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಅಪಾಯ. ಬಿಲ್ವದ ಮರ ಪವಿತ್ರವಾದುದಾದರೂ ಅದರ ಉದುರಿದ ಮುಳ್ಳುಗಳು ಮರಳಿನಲ್ಲಿ ಹೂತರೆ ಕಾಣುವುದಿಲ್ಲ. ಗಿಡಗಳನ್ನು ಕಡಿಯಬೇಕೆಂದು ನಾವು ಹೇಳುತ್ತಿಲ್ಲ. ಮಗುವಿನ ಪೆಟ್ಟಿಗೆ ಅವುಗಳಿಂದ ಹತ್ತು ಹೆಜ್ಜೆ ದೂರವಿರಲಿ ಎಂದಷ್ಟೇ ನಮ್ಮ ಸೂಚನೆ.

ಪೆಟ್ಟಿಗೆಗೆ ಮುಚ್ಚಳ ಕಡ್ಡಾಯ. ಬಸವನಗುಡಿಯ ಬೆಕ್ಕಾಗಲಿ ಮಲ್ಲೇಶ್ವರದ ಬೆಕ್ಕಾಗಲಿ ಸಡಿಲವಾದ ಮರಳನ್ನು ಕಂಡರೆ ಅದನ್ನು ತನ್ನ ಶೌಚಕ್ಕೆಂದೇ ಭಾವಿಸುತ್ತದೆ. ಬೆಕ್ಕು ನಾಯಿಗಳ ಮಲದಿಂದ ಮಕ್ಕಳಿಗೆ ಹುಳು ಮತ್ತಿತರ ರೋಗಗಳು ತಗಲುತ್ತವೆ. ಹಲಗೆಯ ಮುಚ್ಚಳವೋ ಬಿಗಿಯಾದ ಬಲೆಯೋ ಇದ್ದರೆ ಗಾಳಿಯೂ ಆಡುತ್ತದೆ. ವಾರಕ್ಕೊಮ್ಮೆ ಹಲ್ಲುಳ್ಳ ಕೈಕುಂಟೆಯಿಂದ ಮರಳನ್ನು ತಿರುವಿ ಬಿಸಿಲಿಗೆ ತೋರಿಸಬೇಕು.

ಪಾತ್ರೆ–ಪಡಗಗಳ ಆಯ್ಕೆ

ಈಗ ಆಟಿಕೆಗಳ ಮಾತು. ಹತ್ತಾರು ಅಚ್ಚುಗಳಿರುವ ದೊಡ್ಡ ಪೊಟ್ಟಣಕ್ಕಿಂತ ನಾಲ್ಕೈದು ಸರಳ ಪಾತ್ರೆಗಳು ಮಗುವನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ಮೀನಿನ ಅಚ್ಚಿನಿಂದ ಮೀನು ಮಾತ್ರ ಬರುತ್ತದೆ; ಒಂದು ಬಟ್ಟಲಿನಿಂದ ಇಡ್ಲಿ, ಗೋಪುರ, ಬಾವಿ, ಗುಡಿ ಎಲ್ಲವೂ ಬರುತ್ತವೆ.

ವಯಸ್ಸಿಗೆ ತಕ್ಕಂತೆ ಸಾಧನ ಕೊಡಬೇಕು. ಒಂದು ವರ್ಷದ ಕೂಸು ತುಂಬುವುದು, ಕವುಚುವುದು ಇವೆರಡನ್ನೇ ಮತ್ತೆ ಮತ್ತೆ ಮಾಡುತ್ತದೆ. ಅದಕ್ಕೆ ಅಗಲಬಾಯಿಯ ಎರಡು ಬಟ್ಟಲು ಸಾಕು. ಒಂದೂವರೆ ವರ್ಷಕ್ಕೆ ಗಿಡ್ಡ ಹಿಡಿಯ ಚಮಚ ಅಥವಾ ಮರದ ಸೌಟು. ಎರಡು ವರ್ಷಕ್ಕೆ ಸುರಿಯುವ ಆಸೆ ಬರುತ್ತದೆ. ಆಗ ಒಂದು ಪುಟ್ಟ ಚೊಂಬು, ಒಂದು ಲಾಳಿಕೆ, ಒಂದು ಟೀ ಜರಡಿ. ಮೂರಕ್ಕೆ ಸಮೀಪಿಸಿದಾಗ ನೀರು ಬಿದ್ದರೆ ತಿರುಗುವ ಚಕ್ರ, ಗಿಡಕ್ಕೆ ನೀರು ಚಿಮುಕಿಸುವ ಪುಟ್ಟ ಕ್ಯಾನು, ಉದ್ದಕ್ಕೆ ಸೀಳಿ ಗಂಟು ತೆಗೆದು ಉಜ್ಜಿದ ಬಿದಿರಿನ ದೋಣಿ. ಬಿದಿರನ್ನು ಓರೆಯಾಗಿ ಇಟ್ಟು ಮೇಲಿನಿಂದ ನೀರು ಬಿಟ್ಟರೆ ಮಗುವಿಗೆ ಅದೇ ಕಾವೇರಿ.

ನಮ್ಮ ಅಜ್ಜಿಯರ ಅಟ್ಟದಲ್ಲಿರುವ ಸೇರು, ಅಚ್ಚೇರು, ಪಾವು, ಚಟಾಕುಗಳಿಗಿಂತ ಉತ್ತಮ ಮರಳಾಟಿಕೆಯನ್ನು ನಾವು ಕಂಡಿಲ್ಲ. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು ಎಂಬುದನ್ನು ಮಗುವಿಗೆ ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ಅದರ ಕೈ ತಾನೇ ಎಣಿಸುತ್ತದೆ. 1939ರಲ್ಲಿ ಮದರಾಸಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನೀಡಿದ ಮಾರಿಯಾ ಮಾಂಟೆಸರಿಯವರ ಶಿಶುಶಾಲೆಗಳಲ್ಲಿಯೂ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಕಾಳು, ನೀರು ಸುರಿಯುವುದೇ ಎಳೆಯರ ಮೊದಲ ಅಭ್ಯಾಸಗಳಲ್ಲೊಂದು. ಆ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವುದು ನಿಜವಾದ, ಆದರೆ ಪುಟ್ಟದಾದ ಪಾತ್ರೆಗಳನ್ನು.

ಪಾತ್ರೆ ಅರ್ಧ ಲೀಟರಿಗಿಂತ ದೊಡ್ಡದಿರಬಾರದು. ಒಂದು ಲೀಟರಿನ ಪಾತ್ರೆಯಲ್ಲಿ ಒದ್ದೆ ಮರಳು ತುಂಬಿದರೆ ಹೆಚ್ಚುಕಡಿಮೆ ಎರಡು ಕಿಲೋ ಆಗುತ್ತದೆ; ಹತ್ತು ಹನ್ನೆರಡು ಕಿಲೋ ತೂಗುವ ಮಗು ಅದನ್ನು ಎತ್ತಲಾರದೆ ಕಾಲ ಮೇಲೆ ಹಾಕಿಕೊಳ್ಳುತ್ತದೆ. ಸ್ಟೀಲಿನದಾದರೆ ಅಂಚು ಮಡಿಸಿರಬೇಕು, ಬಿಸಿಲಿನಲ್ಲಿ ಬಿಡಬಾರದು. ಗಾಜು, ಪಿಂಗಾಣಿ ಸರ್ವಥಾ ಬೇಡ. ಚನ್ನಪಟ್ಟಣದ ಅರಗಿನ ಬೊಂಬೆಗಳು ನಮ್ಮ ನಾಡಿನ ಹೆಮ್ಮೆ. ಆದರೆ ಅವು ಒಣ ಆಟಕ್ಕೆ. ನೀರಿನಲ್ಲಿ ನೆನೆದು ಮರಳಿನಲ್ಲಿ ಉಜ್ಜಿದರೆ ಅರಗಿನ ಹೊಳಪು ಹೋಗಿ ಮರ ಬಿರಿಯುತ್ತದೆ.

ಪ್ಲಾಸ್ಟಿಕ್ಕಿನ ಆಟಿಕೆಗಳನ್ನು ಕೊಳ್ಳುವುದಾದರೆ ಐ.ಎಸ್.ಐ. ಗುರುತು ನೋಡಿ ಕೊಳ್ಳಬೇಕು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿಯಿಂದ ಈ ಗುರುತನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. ಕಾರ್ತೀಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಮಗು ಹಟ ಹಿಡಿದಾಗ ಈ ಗುರುತನ್ನು ಹುಡುಕುವ ವ್ಯವಧಾನ ಯಾರಿಗೂ ಇರುವುದಿಲ್ಲ. ಆಗ ಕೈಯಿಂದ ಬಗ್ಗಿಸಿ ನೋಡಿದರಾದರೂ ಸಾಕು. ತಟ್ಟನೆ ಬಿರಿಯುವ ತೆಳು ಪ್ಲಾಸ್ಟಿಕ್ಕು ನಾಳೆ ಚಾಕುವಿನಂತೆ ಕೊಯ್ಯುತ್ತದೆ. ಮೂರು ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಕಳಚಿ ಬರುವ ಸಣ್ಣ ಭಾಗ ಇರಕೂಡದು. ತಜ್ಞರು ಇದನ್ನು ಅಳೆಯುವ ಕೊಳವೆಯ ವ್ಯಾಸ 31.7 ಮಿಲಿಮೀಟರು, ಅದರೊಳಗೆ ಪೂರ್ತಿಯಾಗಿ ಇಳಿಯುವ ವಸ್ತು ಮಗುವಿನ ಗಂಟಲಿಗೂ ಇಳಿಯಬಲ್ಲದು.

ನೀರಿನಲ್ಲಿ ಹಾಕಿದರೆ ಉಬ್ಬಿ ದೊಡ್ಡದಾಗುವ ಬಣ್ಣದ ಜೆಲ್ ಮಣಿಗಳನ್ನು ಮನೆಯೊಳಗೆ ತರಲೇಬಾರದು. ನೋಡಲು ಸಕ್ಕರೆ ಮಿಠಾಯಿಯಂತಿರುವ ಅವುಗಳನ್ನು ನುಂಗಿದರೆ ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತವೆ, ಶಸ್ತ್ರಚಿಕಿತ್ಸೆಯೇ ಗತಿಯಾಗಬಹುದು.

ನಾಲ್ಕು ಕಾಲಿನ ಮರಳು–ನೀರಿನ ಮೇಜುಗಳು ಈಗ ದೊರೆಯುತ್ತವೆ. ಮಗು ನಿಂತು ಆಡುವುದರಿಂದ ಬಟ್ಟೆ ಕಡಿಮೆ ನೆನೆಯುತ್ತದೆ. ಸಣ್ಣ ಜಾಗದವರಿಗೆ ಅನುಕೂಲ. ಕೊಳ್ಳುವಾಗ ಮೇಜಿನ ಎತ್ತರ ಮಗುವಿನ ಹೊಕ್ಕಳ ಮಟ್ಟಕ್ಕಿದೆಯೇ, ಕಾಲುಗಳು ಅಗಲವಾಗಿ ನೆಲ ಹಿಡಿದಿವೆಯೇ, ತಳದಲ್ಲಿ ನೀರು ಬಿಡುವ ಬಿರಡೆಯಿದೆಯೇ, ಮೇಲೆ ಮುಚ್ಚಳವಿದೆಯೇ ಎಂಬ ನಾಲ್ಕನ್ನೂ ನೋಡಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ, ಹಳೆಯ ಸ್ಟೂಲಿನ ಮೇಲಿನ ಬೋಗುಣಿಗಿಂತ ಅದು ಮೇಲಲ್ಲ.

ನೀರಿನ ಲೆಕ್ಕ

ಬೆಂಗಳೂರಿನಲ್ಲಿ ನೀರಿನ ಆಟವೆಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ನಮ್ಮ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು ಐದು ನೂರು ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಏರಿ ಬರುತ್ತದೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಆರಂಭವಾದರೂ ಊರಿನ ದಾಹ ತೀರಿಲ್ಲ. 2024ರ ಮಾರ್ಚಿ ತಿಂಗಳಲ್ಲಿ, ಬರದ ಬೇಸಗೆಯಲ್ಲಿ, ವಾಹನ ತೊಳೆಯಲು ಮತ್ತು ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿದ್ದನ್ನು ನಾವಿನ್ನೂ ಮರೆತಿಲ್ಲ.

ಹೀಗಿರುವಾಗ ಮಗುವಿನ ಆಟಕ್ಕೆ ನೀರು ಕೊಡುವುದು ದುಂದಲ್ಲವೆ? ಲೆಕ್ಕ ಹಾಕಿದರೆ ಅಲ್ಲ. ರಬ್ಬರಿನ ಗಾಳಿ ತುಂಬಿದ ಈಜುಕೊಳಗಳಿಗೆ ನೂರಾರು ಲೀಟರು ಬೇಕು. ಎಳೆಯ ಮಗುವಿಗೆ ಅದು ಅನವಶ್ಯಕ, ಅಪಾಯಕರವೂ ಹೌದು. ಅಗಲವಾದ ಬೋಗುಣಿಯಲ್ಲಿ ಅರ್ಧ ಬಕೆಟ್ಟು, ಎಂದರೆ ಏಳೆಂಟು ಲೀಟರು ನೀರು, ಒಂದು ಗಂಟೆಯ ಆಟಕ್ಕೆ ಯಥೇಷ್ಟ. ಆಟ ಮುಗಿದ ಮೇಲೆ ಆ ನೀರನ್ನು ಹೂಗಿಡಗಳಿಗೆ ಸುರಿಯುವ ಕೆಲಸವನ್ನು ಮಗುವಿನ ಕೈಯಿಂದಲೇ ಮಾಡಿಸಬೇಕು. ಹೇಗಿದ್ದರೂ ಗಿಡಕ್ಕೆ ಹೋಗಬೇಕಾದ ನೀರು ಮಗುವಿನ ಕೈಯನ್ನು ಹಾದು ಹೋಯಿತೆಂದರೆ ಅದರಲ್ಲಿ ನಷ್ಟವೇನು? ನೀರು ಬೆಲೆಯುಳ್ಳದ್ದು, ಚೆಲ್ಲಬಾರದ್ದು ಎಂಬ ಸಂಸ್ಕಾರ ಹೀಗೆ ಎರಡನೆಯ ವಯಸ್ಸಿನಲ್ಲಿಯೇ ಬೇರೂರುತ್ತದೆ. ತೀವ್ರ ಅಭಾವದ ಬೇಸಗೆಯಲ್ಲಿ ಸ್ನಾನದ ಹೊತ್ತಿಗೇ ಬಟ್ಟಲು, ಜರಡಿಗಳನ್ನು ಬಚ್ಚಲಿಗೆ ಕೊಟ್ಟರೆ ಪ್ರತ್ಯೇಕ ನೀರೇ ಬೇಡ.

ಮಗು ಆಡುವ ನೀರನ್ನು ಕುಡಿದೇ ಕುಡಿಯುತ್ತದೆ. ಆದುದರಿಂದ ಶುದ್ಧ ನೀರನ್ನೇ ಕೊಡಬೇಕು; ಬಟ್ಟೆ ಒಗೆದ ನೀರು, ಸಂಸ್ಕರಿಸಿದ ನೀರು ಸಲ್ಲದು. ಮರಳನ್ನು ತೇವ ಮಾಡಲು ಎಂಟು ಬಟ್ಟಲು ಮರಳಿಗೆ ಒಂದು ಬಟ್ಟಲು ನೀರು ಸಾಕು. ಅಷ್ಟರಲ್ಲಿ ಅಚ್ಚು ಚೆನ್ನಾಗಿ ನಿಲ್ಲುತ್ತದೆ, ಧೂಳೂ ಏಳುವುದಿಲ್ಲ.

ನೀರನ್ನು ಮಾರನೆಯ ದಿನಕ್ಕೆ ಉಳಿಸಬಾರದು. ಡೆಂಗೆ ಜ್ವರ ಹರಡುವ ಸೊಳ್ಳೆ ಕೊಳಚೆಯಲ್ಲಲ್ಲ, ಹೀಗೆ ನಿಂತ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ಮನೆಯವರಿಗೆ ದಂಡವನ್ನೂ ವಿಧಿಸಿತು. ಪಾತ್ರೆಗಳನ್ನು ಬರಿದು ಮಾಡಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿಯೂ ಬದುಕಿರಬಲ್ಲವು. ಆದುದರಿಂದ ಉಜ್ಜಿ ತೊಳೆದು ಕವುಚಿಡಬೇಕು. ಮರಳಿನ ಪೆಟ್ಟಿಗೆಗೆ ಟಾರ್ಪಾಲಿನ್ ಹೊದಿಸುವವರು ಅದರ ತಗ್ಗಿನಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಬೇಕು.

ಸಂಪಿನ ಬಾಯಿಗೆ ಬೀಗ

ಇನ್ನು ಹೇಳಬೇಕಾದ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಎಳೆಯ ಮಗು ಮುಳುಗಲು ಬಾವಿ ಬೇಕಿಲ್ಲ. ಎರಡು ಅಂಗುಲ ನೀರು ಸಾಕು. ಆ ವಯಸ್ಸಿನಲ್ಲಿ ತಲೆಯೇ ದೇಹದ ಭಾರವಾದ ಭಾಗ. ಬಗ್ಗಿ ಬಕೆಟ್ಟಿಗೆ ಮುಖ ಕೊಟ್ಟ ಮಗು ತಾನಾಗಿ ಎದ್ದುಕೊಳ್ಳಲಾರದು. ಅದು ಅಳುವುದಿಲ್ಲ, ಕೂಗುವುದಿಲ್ಲ. ಒಳಗೆ ಒಲೆಯ ಮುಂದಿರುವವರಿಗೆ ಸದ್ದೇ ಕೇಳಿಸುವುದಿಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳ ಮರಣದ ಪ್ರಮುಖ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದೂ ಒಂದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ನಮ್ಮ ಬಡಾವಣೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ನಲ್ಲಿಯ ನೀರು ದಿನವಿಡೀ ಬರುವುದಿಲ್ಲವಾದ್ದರಿಂದ ಮನೆಮನೆಯ ಅಂಗಳದಲ್ಲಿಯೂ ಒಂದು ಸಂಪು. ನೀರು ಬಂತೇ ಎಂದು ನೋಡಲು ಮುಚ್ಚಳ ತೆಗೆದವರು ಫೋನಿನ ಕರೆಗೆ ಒಳಗೆ ಓಡುತ್ತಾರೆ. ಆಳುದ್ದದ ನೀರಿಗೆ ಬಾಯಿ ತೆರೆದೇ ಇರುತ್ತದೆ. ನೀರಿನ ಆಟದ ರುಚಿ ಹತ್ತಿದ ಮಗು ನೀರಿರುವೆಡೆಗೆ ಹೋಗಿಯೇ ಹೋಗುತ್ತದೆ. ಆದುದರಿಂದ ಮರಳಿನ ಪೆಟ್ಟಿಗೆಗೆ ಒಂದು ಕಾಸು ಖರ್ಚು ಮಾಡುವ ಮುನ್ನ ಸಂಪಿಗೆ ಭದ್ರವಾದ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ ಹಾಕಿಸಬೇಕು. ತುಕ್ಕು ಹಿಡಿದ ತಗಡಿನ ಮೇಲೆ ಕಲ್ಲಿಟ್ಟರೆ ಅದು ಮುಚ್ಚಳವಾಗದು. ಮಳೆನೀರು ಸಂಗ್ರಹದ ಪೀಪಾಯಿಗೂ ಇದೇ ನಿಯಮ.

ಆಟ ನಡೆಯುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿ ಕುಳಿತಿರಬೇಕು. 'ಎಲ್ಲರೂ ನೋಡಿಕೊಳ್ಳುತ್ತಿದ್ದರು' ಎಂಬುದಕ್ಕೆ ಯಾರೂ ನೋಡುತ್ತಿರಲಿಲ್ಲವೆಂದೇ ಅರ್ಥ. ಯಾರ ಸರದಿ ಎಂಬುದು ಬಾಯಿಬಿಟ್ಟು ಹೇಳಿ ನಿಶ್ಚಯವಾಗಿರಬೇಕು. ಎದ್ದು ಹೋಗಲೇಬೇಕಾದರೆ ಮಗುವನ್ನು ಎತ್ತಿಕೊಂಡು ಹೋಗಬೇಕು, ನೀರನ್ನು ಚೆಲ್ಲಿ ಹೋಗಬೇಕು.

ಅಜ್ಜಿಯರ ಆತಂಕಗಳು

'ನೀರಲ್ಲಿ ಆಡಿದರೆ ಶೀತವಾಗುತ್ತದೆ' ಎಂಬುದು ಅಜ್ಜಿಯರ ಮಾತು. ನೆಗಡಿ ಹತ್ತುವುದು ವೈರಾಣುಗಳಿಂದಲೇ ಹೊರತು ನೀರಿನಿಂದಲ್ಲ. ಆದರೂ ಒದ್ದೆ ಬಟ್ಟೆಯಲ್ಲಿ ನಡುಗುವ ಮಗುವನ್ನು ಹಾಗೆಯೇ ಬಿಡುವುದು ತರವಲ್ಲ. ಬೆಳಗ್ಗೆ ಒಂಬತ್ತರ ಎಳೆಬಿಸಿಲಿನಲ್ಲಿ, ಇಲ್ಲವೆ ಸಂಜೆ ನಾಲ್ಕರ ಅನಂತರ ಆಡಿಸಿ, ಮುಗಿದೊಡನೆ ಒರೆಸಿ ಒಣಬಟ್ಟೆ ತೊಡಿಸಿದರೆ ಅಜ್ಜಿಯ ಮನಸ್ಸೂ ನೆಮ್ಮದಿ, ಮೊಮ್ಮಗುವೂ ಬೆಚ್ಚಗೆ.

'ಮಣ್ಣು ತಿನ್ನುತ್ತದೆ' ಎಂಬುದು ಎರಡನೆಯ ದೂರು. ಒಂದು ವರ್ಷದ ಕೂಸು ಎಲ್ಲವನ್ನೂ ಬಾಯಿಂದಲೇ ಪರೀಕ್ಷಿಸುತ್ತದೆ. ಒಂದೆರಡು ಸಲ ನಾಲಿಗೆಗೆ ತಗುಲಿದ ಮರಳು ತಾನೇ ಬುದ್ಧಿ ಕಲಿಸುತ್ತದೆ. ಆದರೆ ಎರಡು ವರ್ಷ ದಾಟಿದ ಮೇಲೂ ಮಗು ಮಣ್ಣು, ಸುಣ್ಣ, ಬಳಪಗಳನ್ನು ಹುಡುಕಿ ತಿನ್ನುತ್ತಿದ್ದರೆ ಹೊಡೆದು ಬಿಡಿಸಲು ಹೋಗಬಾರದು. ರಕ್ತದಲ್ಲಿ ಕಬ್ಬಿಣದ ಕೊರತೆಯಿರಬಹುದು, ವೈದ್ಯರಿಗೆ ತೋರಿಸಬೇಕು. ಆಟವಾದ ಮೇಲೆ, ಊಟಕ್ಕೆ ಮುನ್ನ ಸಾಬೂನು ಹಚ್ಚಿ ಕೈತೊಳೆಯುವುದು, ಉಗುರು ಕತ್ತರಿಸುವುದು ತಪ್ಪಬಾರದು.

ಜೊತೆಗಾರರು

ಯಾವ ಸಾಧನವನ್ನು ಕೊಂಡರೂ ಎರಡೆರಡು ಕೊಳ್ಳಬೇಕು. ಮೂರು ವರ್ಷದೊಳಗಿನ ಮಗುವಿಗೆ ಹಂಚಿಕೊಳ್ಳುವ ವಿವೇಕ ಇನ್ನೂ ಬಂದಿರುವುದಿಲ್ಲ. ಎರಡು ಒಂದೇ ಬಗೆಯ ಚಮಚಗಳಿದ್ದರೆ ಜಗಳ ನಿಂತು ಪಕ್ಕಪಕ್ಕದಲ್ಲಿ ಆಡುವುದನ್ನು ಕಲಿಯುತ್ತದೆ. ಗಂಡುಮಗುವಿಗೆ ಲಾರಿ, ಹೆಣ್ಣುಮಗುವಿಗೆ ಅಡಿಗೆ ಸಾಮಾನು ಎಂಬ ಭೇದವನ್ನು ಮರಳಿನ ಪೆಟ್ಟಿಗೆಯೊಳಗೆ ತರುವ ಅಗತ್ಯವಿಲ್ಲ. ಇಬ್ಬರೂ ಲಾರಿಯಲ್ಲಿ ಮರಳು ಹೇರಲಿ, ಇಬ್ಬರೂ ಬಾಣಲೆಯಲ್ಲಿ ಒಗ್ಗರಣೆ ಹಾಕಲಿ.

ಆ ಎರಡನೆಯ ಚಮಚ ಯಾರ ಕೈಗೆ ಎಂಬುದನ್ನೂ ಯೋಚಿಸಬೇಕು. ನಮ್ಮ ಮನೆಗಳಿಗೆ ಪಾತ್ರೆ ತ��ಳೆಯಲು ಬರುವ ಹೆಣ್ಣುಮಗಳು ಕೆಲವೊಮ್ಮೆ ತನ್ನ ಕೂಸನ್ನೂ ಕರೆತರುತ್ತಾಳೆ. ಆ ಕೂಸು ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತು ನಮ್ಮ ಮಗುವಿನ ಆಟವನ್ನು ನೋಡುತ್ತಿರುತ್ತದೆ. ಕಾಯಕ ಮಾಡುವ ಕೈಗಳೆಲ್ಲವೂ ಸಮಾನವೆಂದು ಕೇಳಿ ಬೆಳೆದ ಮನೆತನಗಳು ನಮ್ಮವು. ಅದನ್ನೂ ಕರೆದು ಮರಳಿನಲ್ಲಿ ಕೂರಿಸಿದರೆ ನಮ್ಮ ಮಗು ಆ ಪಾಠವನ್ನು ಉಪನ್ಯಾಸವಿಲ್ಲದೆ ಕಲಿಯುತ್ತದೆ. ಅಕ್ಕಪಕ್ಕದ ಫ್ಲ್ಯಾಟುಗಳವರು ಕೂಡಿ ಕಾಂಪೌಂಡಿನ ಮೂಲೆಯಲ್ಲಿ ಒಂದೇ ಪೆಟ್ಟಿಗೆ ಮಾಡಿಸಿ, ಸರದಿಯಂತೆ ಕಾವಲು ಕೂರುವುದಾದರೆ ಖರ್ಚೂ ಕಡಿಮೆ, ಸ್ನೇಹವೂ ಹೆಚ್ಚು.

ಒಟ್ಟಿನಲ್ಲಿ ಐದು ಚೀಲ ತೊಳೆದ ಮರಳು, ಮುಚ್ಚಳವಿರುವ ಒಂದು ಪೆಟ್ಟಿಗೆ, ಅಗಲವಾದ ಒಂದು ಬೋಗುಣಿ, ಅರ್ಧ ಬಕೆಟ್ಟು ನೀರು, ಅಡುಗೆಮನೆಯಿಂದ ತಂದ ನಾಲ್ಕು ಪಾತ್ರೆ, ಸಂಪಿಗೊಂದು ಬೀಗ ಇವಿಷ್ಟಿದ್ದರೆ ಮಗುವಿನ ಅಂಗಳ ಸಜ್ಜಾದಂತೆಯೇ. ಉಳಿದುದು ಅಂಗಡಿಯಲ್ಲಿ ಸಿಗುವಂಥದಲ್ಲ. ದಿನಕ್ಕೆ ಅರ್ಧ ಗಂಟೆ ಬೇರೆಲ್ಲ ಕೆಲಸ ಬಿಟ್ಟು, ಕೈಯಲ್ಲಿ ಪತ್ರಿಕೆಯಾಗಲಿ ಫೋನಾಗಲಿ ಇಲ್ಲದೆ, ಮಣೆ ಹಾಕಿಕೊಂಡು ಮಗುವಿನ ಪಕ್ಕದಲ್ಲಿ ಕೂರಬಲ್ಲ ಒಬ್ಬ ತಾಯಿ, ತಂದೆ, ಅಜ್ಜಿ ಅಥವಾ ತಾತ ಬೇಕು. ಮಗು ನೀಡುವ ಮರಳಿನ ಪಾಯಸವನ್ನು 'ಬಹಳ ರುಚಿಯಾಗಿದೆ, ಇನ್ನೊಂದು ಬಟ್ಟಲು ಬಡಿಸು' ಎಂದು ಕೇಳುವ ಹಿರಿಯರು ಮನೆಯಲ್ಲಿದ್ದರೆ, ಆ ಆಟಕ್ಕೆ ಬೇಕಾದುದೆಲ್ಲವೂ ಆಗಲೇ ಒದಗಿದೆಯೆಂದು ತಿಳಿಯಬಹುದು.